ದೂರದ ಎಲ್ಕ್ ಬೇಟೆಗೆ ಎಷ್ಟು ತೂಕದ ಗುಂಡು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ರಾಕಿ ಪರ್ವತ ಸೀಮೆಯಲ್ಲಿ ಪರವಾನಗಿ ಪಡೆದು ಎಲ್ಕ್ ಬೇಟೆಗೆ ಹೊರಡುವ ಕನ್ನಡಿಗ ಗೆಳೆಯರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಕೆಳಗೆ ಕೊಟ್ಟಿರುವ ವೇಗ ಮತ್ತು ಶಕ್ತಿಯ ಅಂಕೆಗಳು, ಬೇರೆ ರೀತಿ ಹೇಳದಿದ್ದಲ್ಲಿ, ಸಮುದ್ರಮಟ್ಟದ ಗಾಳಿಗೆ ನಾನು ಲೆಕ್ಕ ಹಾಕಿಕೊಂಡ ಅಂದಾಜುಗಳು.

## ಮೊದಲ ಪ್ರಶ್ನೆಗಳು

ಎಲ್ಕ್ ಅಂದರೆ ನಮ್ಮ ಕಡವೆಯ ಹಾಗೆಯೇ ಅಲ್ಲವೇ? ಅದಕ್ಕೆ ಇಷ್ಟು ಲೆಕ್ಕಾಚಾರ ಏಕೆ?

ಎರಡೂ ಒಂದೇ ಕುಟುಂಬದ ಪ್ರಾಣಿಗಳು, ಕೂಗುವ ಗಂಡು, ಕವಲೊಡೆದ ಕೊಂಬು ಎಲ್ಲವೂ ಹೌದು. ಆದರೆ ರಾಕಿ ಪರ್ವತದ ಗಂಡು ಎಲ್ಕ್ ಸಾಮಾನ್ಯವಾಗಿ 700 ಪೌಂಡ್, ಅಂದರೆ ಸುಮಾರು 320 ಕಿಲೊ ತೂಗುತ್ತದೆ, ಹೆಣ್ಣು ಸುಮಾರು 225 ಕಿಲೊ. ದಪ್ಪ ಚರ್ಮ, ಅದರ ಕೆಳಗೆ ಗಟ್ಟಿ ಸ್ನಾಯು, ಭುಜದ ಅಗಲ ಮೂಳೆ, ಇವನ್ನೆಲ್ಲ ದಾಟಿ ಗುಂಡು ಎರಡೂ ಶ್ವಾಸಕೋಶಗಳನ್ನು ಮುಟ್ಟಬೇಕು. ಒಂದೇ ಶ್ವಾಸಕೋಶಕ್ಕೆ ಪೆಟ್ಟು ಬಿದ್ದ ಎಲ್ಕ್ ಮೈಲಿಗಟ್ಟಲೆ ನಡೆದು, ಯಾರ ಕೈಗೂ ಸಿಗದೆ ನರಳಿ ಸಾಯಬಹುದು. ಗುಂಡಿನ ತೂಕದ ಬಗ್ಗೆ ನಾವು ಇಷ್ಟು ತಲೆ ಕೆಡಿಸಿಕೊಳ್ಳುವುದು ಆ ನರಳಾಟವನ್ನು ತಪ್ಪಿಸುವ ಸಲುವಾಗಿ. ಯುರೋಪಿನಲ್ಲಿ ಎಲ್ಕ್ ಎಂದರೆ ಮೂಸ್ ಎಂಬ ಇನ್ನೂ ದೊಡ್ಡ ಪ್ರಾಣಿ. ಅಲ್ಲಿಯ ಬರಹಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಪೆಟ್ಟಿಗೆಯ ಮೇಲೆ 180 ಗ್ರೇನ್ ಎಂದು ಬರೆದಿರುತ್ತದೆ. ಇದು ಮದ್ದಿನ ತೂಕವೋ ಗುಂಡಿನ ತೂಕವೋ?

ಗುಂಡಿನ ತೂಕ, ಅಂದರೆ ನಳಿಗೆಯಿಂದ ಹೊರಗೆ ಹಾರುವ ಲೋಹದ ತುಂಡಿನ ತೂಕ ಮಾತ್ರ. ಮದ್ದನ್ನೂ ಗ್ರೇನ್ ಲೆಕ್ಕದಲ್ಲೇ ಅಳೆಯುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಒಂದು ಪೌಂಡಿಗೆ 7,000 ಗ್ರೇನ್, ಒಂದು ಗ್ರೇನಿಗೆ 0.0648 ಗ್ರಾಂ. ನಮ್ಮವರಿಗೆ ಇದನ್ನು ಮನಸ್ಸಿಗೆ ತಂದುಕೊಳ್ಳಲು ಸುಲಭದ ದಾರಿಯೊಂದಿದೆ: ಬ್ರಿಟಿಷರ ಕಾಲದಲ್ಲಿ ನಿಗದಿಯಾದ ಒಂದು ತೊಲ ಸರಿಯಾಗಿ 180 ಗ್ರೇನ್. ಅಕ್ಕಸಾಲಿಗನ ತಕ್ಕಡಿಯಲ್ಲಿ ಒಂದು ತೊಲ ಬಂಗಾರ ತೂಗುವಷ್ಟೇ, ಅಂದರೆ 11.66 ಗ್ರಾಂ, 180 ಗ್ರೇನಿನ ಗುಂಡೂ ತೂಗುತ್ತದೆ.

ಕನಿಷ್ಠ ಎಷ್ಟು ತೂಕ ಇರಬೇಕು ಎಂದು ಕಾನೂನು ಹೇಳುತ್ತದೆಯೇ?

ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವ ಕೊಲರಾಡೊದಲ್ಲಿ ಗುಂಡಿನ ವ್ಯಾಸ ಕನಿಷ್ಠ .24 ಇಂಚು, ತೂಕ ಕನಿಷ್ಠ 85 ಗ್ರೇನ್ ಇರಬೇಕು. ಗುಂಡು ಒಳಹೊಕ್ಕಾಗ ಅರಳುವ ಜಾತಿಯದ್ದಾಗಿರಬೇಕು. ತಯಾರಕರ ಅಂಕೆಯ ಪ್ರಕಾರ 100 ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಐಡಾಹೊದಲ್ಲಿ ನಿರ್ಬಂಧವಿರುವುದು ಕೋವಿಯ ತೂಕಕ್ಕೆ: ದುರ್ಬೀನು, ಪಟ್ಟಿ ಎಲ್ಲ ಸೇರಿ 16 ಪೌಂಡ್ ಮೀರುವಂತಿಲ್ಲ. ಹೊರಡುವ ವರ್ಷದ ನಿಯಮ ಪುಸ್ತಕವನ್ನು ಆಯಾ ರಾಜ್ಯದ ವನ್ಯಜೀವಿ ಇಲಾಖೆಯಿಂದ ಪಡೆದು ಓದಿಕೊಳ್ಳಿ. 85 ಗ್ರೇನ್ ಎಂಬುದು ಕಾನೂನು ಹಾಕಿದ ಕೆಳಗಿನ ಗೆರೆ. ದೂರದ ಬೇಟೆಗೆ ಅಷ್ಟು ಹಗುರದ ಗುಂಡನ್ನು ನಾನು ಯಾರಿಗೂ ಹೇಳುವುದಿಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗುಂಡಿನ ಪೆಟ್ಟಿಗೆ ಕೊಳ್ಳಬಹುದೇ?

ವಲಸೆಯೇತರ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವವರಿಗೆ ಅದರಲ್ಲಿ ವಿನಾಯಿತಿ ಇದೆ. ಆದ್ದರಿಂದ ಮೊದಲು ಬೇಟೆ ಶಿಕ್ಷಣದ ತರಗತಿ, ಆಮೇಲೆ ಪರವಾನಗಿ, ಕೊನೆಗೆ ಅಂಗಡಿ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ, ಮತ್ತು ಹೆಜ್ಜೆಯಿಡುವ ಮುನ್ನ ವಲಸೆ ವಿಷಯ ಬಲ್ಲ ವಕೀಲರನ್ನೊಮ್ಮೆ ಕೇಳಿ. ಹಸಿರು ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ನಾವು ಕೊಡಗಿನವರು. ಮನೆಯಲ್ಲಿ ಅಜ್ಜನ ತೋಟಾ ಕೋವಿ ಇತ್ತು. ಆ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಕೋವಿಯನ್ನು ಗೌರವದಿಂದ, ಎಚ್ಚರದಿಂದ ಹಿಡಿಯುವ ಅಭ್ಯಾಸ ಖಂಡಿತ ಬರುತ್ತದೆ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಉಸಿರು ಹಿಡಿದು ಕುದುರೆ ಎಳೆಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಚರೆ ತುಂಬಿದ ತೋಟಾ ಕೋವಿಯ ಕೆಲಸ ಕೆಲವು ಹತ್ತು ಗಜಗಳಲ್ಲಿ ಮುಗಿಯುತ್ತದೆ. ಗಾಳಿ, ಗುಂಡಿನ ಇಳಿತ, ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರು ಯಾವುದರ ಲೆಕ್ಕವೂ ಅಲ್ಲಿ ಬೇಕಾಗುವುದಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿಗಳ ಬೇಟೆಯೇ ನಿಂತಿರುವುದರಿಂದ, ದೊಡ್ಡ ಪ್ರಾಣಿಯ ಮೇಲೆ ರೈಫಲ್ ಗುಂಡು ಏನು ಮಾಡುತ್ತದೆ ಎಂಬ ತಿಳಿವಳಿಕೆ ನಮ್ಮ ತಲೆಮಾರಿಗೆ ಮನೆಯಿಂದ ಬಂದಿಲ್ಲ. ಅದನ್ನು ಮೊದಲಿಂದ ಕಲಿಯುವುದೇ ಸರಿ.

## ತೂಕದ ಆಯ್ಕೆ

ಸುತ್ತಿ ಬಳಸಿ ಹೇಳಬೇಡಿ. ನನ್ನ ರೈಫಲ್‌ಗೆ ಎಷ್ಟು ಗ್ರೇನ್ ಕೊಳ್ಳಲಿ?

ರೈಫಲ್ ಯಾವ ಜಾತಿಯ ತೋಟಾ ಹಾರಿಸುತ್ತದೆ ಎಂಬುದರ ಮೇಲೆ ಹೇಳುತ್ತೇನೆ. 6.5 ಕ್ರೀಡ್‌ಮೋರ್ ಅಥವಾ 6.5 ಪಿಆರ್‌ಸಿ ಇದ್ದರೆ 140ರಿಂದ 147 ಗ್ರೇನ್. .270 ವಿಂಚೆಸ್ಟರ್ ಇದ್ದರೆ 140ರಿಂದ 150. 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಂಗೆ 160ರಿಂದ 168, 7 ಮಿಲಿಮೀಟರ್ ಪಿಆರ್‌ಸಿಗೆ 175ರ ಆಸುಪಾಸು. .308 ವಿಂಚೆಸ್ಟರ್‌ಗೆ 165ರಿಂದ 180, .30-06ಕ್ಕೆ 180, .300 ವಿಂಚೆಸ್ಟರ್ ಮ್ಯಾಗ್ನಂಗೆ 180ರಿಂದ 212. .338 ವಿಂಚೆಸ್ಟರ್ ಮ್ಯಾಗ್ನಂ ಇರುವವರು 225ರಿಂದ ಶುರುಮಾಡಬಹುದು. ಇವು ಸೀಸದ ತಿರುಳಿನ ಗುಂಡುಗಳಿಗೆ ಹೊಂದುವ ಅಂಕೆಗಳು. ತಾಮ್ರದ ಗುಂಡಿನ ಲೆಕ್ಕ ಬೇರೆ, ಅದಕ್ಕೆ ಪ್ರತ್ಯೇಕ ಉತ್ತರ ಮುಂದಿದೆ. ನಿಮ್ಮ ಬಳಿ ಇನ್ನೂ ರೈಫಲ್ ಇಲ್ಲದಿದ್ದರೆ ತೂಕದ ಪ್ರಶ್ನೆಯನ್ನು ಬದಿಗಿಟ್ಟು, ಯಾವ ಕೋವಿಯನ್ನು ನೀವು ಅಳುಕಿಲ್ಲದೆ ಹೊಡೆಯಬಲ್ಲಿರಿ ಎಂಬುದನ್ನು ಮೊದಲು ಕಂಡುಕೊಳ್ಳಿ.

ಹಗುರದ ಗುಂಡು ವೇಗವಾಗಿ ಹೋಗುತ್ತದೆ, ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಭಾರದ ಗುಂಡು ಏಕೆ?

ಶಾಲೆಯ ಪಾಠ ಸರಿಯಾಗಿಯೇ ಇದೆ, ಆದರೆ ಅಲ್ಲಿ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದೇ ವ್ಯಾಸದ ಎರಡು ಗುಂಡುಗಳಲ್ಲಿ ಭಾರದ್ದು ಉದ್ದವಾಗಿರುತ್ತದೆ, ಹೊರುವ ತೂಕಕ್ಕೆ ಹೋಲಿಸಿದರೆ ಅದರ ಮುಖ ಕಿರಿದು, ಆದ್ದರಿಂದ ಗಾಳಿ ಅದರ ವೇಗವನ್ನು ನಿಧಾನವಾಗಿ ಕಸಿಯುತ್ತದೆ. ಗಾಳಿಯನ್ನು ಸೀಳುವ ಈ ಗುಣವನ್ನು ಪೆಟ್ಟಿಗೆಯ ಮೇಲೆ ಬ್ಯಾಲಿಸ್ಟಿಕ್ ಕೋಎಫಿಷಿಯಂಟ್ ಅಥವಾ ಬಿ.ಸಿ. ಎಂದು ನಮೂದಿಸಿರುತ್ತಾರೆ, ಅಂಕೆ ಹೆಚ್ಚಾದಷ್ಟೂ ಒಳ್ಳೆಯದು.

.300 ವಿಂಚೆಸ್ಟರ್ ಮ್ಯಾಗ್ನಂನಲ್ಲಿ ಎರಡು ಗುಂಡುಗಳನ್ನು ಹೋಲಿಸೋಣ. 180 ಗ್ರೇನಿನದು ಸೆಕೆಂಡಿಗೆ 2,960 ಅಡಿ ವೇಗದಲ್ಲಿ ಹೊರಡುತ್ತದೆ, ಅದರ ಬಿ.ಸಿ. 0.5, 200 ಗ್ರೇನಿನದು 2,860 ಅಡಿ ವೇಗದಲ್ಲಿ, ಬಿ.ಸಿ. 0.6. ನಳಿಗೆಯ ಬಾಯಲ್ಲಿ ಹಗುರದ್ದು 100 ಅಡಿ ಮುಂದಿದ್ದರೂ ಶಕ್ತಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ, ಕ್ರಮವಾಗಿ 3,500 ಮತ್ತು 3,630 ಅಡಿ-ಪೌಂಡ್. ಸುಮಾರು 300 ಗಜದ ಹೊತ್ತಿಗೆ ಎರಡರ ವೇಗವೂ ಸಮವಾಗುತ್ತದೆ, ಅಲ್ಲಿಂದಾಚೆಗೆ ಭಾರದ್ದೇ ಮುಂದೆ. 500 ಗಜದಲ್ಲಿ 180 ಗ್ರೇನಿಗೆ ಉಳಿಯುವ ವೇಗ ಸುಮಾರು 2,060 ಅಡಿ, ಶಕ್ತಿ 1,690; 200 ಗ್ರೇನಿಗೆ ವೇಗ 2,110, ಶಕ್ತಿ 1,980. ಹಾಗಾಗಿ, ನಿಮ್ಮ ಬೇಟೆ ದಟ್ಟ ಸ್ಪ್ರೂಸ್ ಕಾಡಿನೊಳಗೆ 200 ಗಜದೊಳಗೆ ನಡೆಯುವುದಾದರೆ ಭಾರದ ಗುಂಡಿಗಾಗಿ ಹುಡುಕಾಡಬೇಕಾಗಿಲ್ಲ. ಕಣಿವೆಯ ಈಚೆಯಿಂದ ಆಚೆಗೆ ಹೊಡೆಯುವ ಸಂದರ್ಭ ಬರುವುದಾದರೆ ಮಾತ್ರ ಅದರ ಲಾಭ ಕಾಣುತ್ತದೆ.

ಎಲ್ಕ್‌ಗೆ 1,500 ಅಡಿ-ಪೌಂಡ್ ಬೇಕೇಬೇಕು ಎನ್ನುತ್ತಾರೆ. ನಿಜವೇ?

ಅದು ಬೇಟೆಗಾರರ ನಡುವೆ ಬಾಯಿಂದ ಬಾಯಿಗೆ ಬಂದ ಅಂದಾಜು. ಒಂದು ಎಲ್ಲೆಯಾಗಿ ಇಟ್ಟುಕೊಂಡರೆ ತಪ್ಪಿಲ್ಲ, ಆದರೆ ಅದೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. ಪ್ರಾಣಿಯನ್ನು ಕೊಲ್ಲುವುದು ಗುಂಡು ಒಳಗೆ ಕೊರೆದ ಗಾಯ. ಆ ಗಾಯ ಎಷ್ಟು ಅಗಲ, ಎಷ್ಟು ಆಳ ಎಂಬುದನ್ನು ಗುಂಡು ಮುಟ್ಟಿದಾಗ ಉಳಿದಿದ್ದ ವೇಗವೂ ಗುಂಡಿನ ರಚನೆಯೂ ಸೇರಿ ತೀರ್ಮಾನಿಸುತ್ತವೆ. ಸೀಸದ ತಿರುಳಿನ ಬಹುಪಾಲು ಗುಂಡುಗಳು ಚೆನ್ನಾಗಿ ಅರಳಲು ಸೆಕೆಂಡಿಗೆ 1,600ರಿಂದ 1,800 ಅಡಿ ವೇಗವಾದರೂ ಬೇಕು. ದೂರಕ್ಕೆಂದೇ ಮೆತ್ತಗೆ ಮಾಡಿದ ಕೆಲವು ಗುಂಡುಗಳು 1,300ಕ್ಕೂ ಅರಳುತ್ತವೆ. ವೇಗ ಈ ಮಿತಿಗಿಂತ ಕೆಳಗಿಳಿದರೆ ಎಷ್ಟೇ ಭಾರವಿದ್ದರೂ ಗುಂಡು ಪೆನ್ಸಿಲಿನಂತೆ ತೂರಿ ಆಚೆ ಹೋಗುತ್ತದೆ, ಕಾಗದದ ಮೇಲಿನ ಅಡಿ-ಪೌಂಡುಗಳು ಬೆಟ್ಟದ ಮಣ್ಣಿಗೆ ಸೇರುತ್ತವೆ.

ನಾನು ಲೆಕ್ಕವನ್ನು ಪ್ರಾಣಿಯ ಕಡೆಯಿಂದ ನಳಿಗೆಯ ಕಡೆಗೆ ಮಾಡುತ್ತೇನೆ. ತಯಾರಕರು ಕೊಟ್ಟ ಕನಿಷ್ಠ ವೇಗವನ್ನು ನೋಡಿ, ಅದಕ್ಕೆ 200 ಅಡಿ ಕೂಡಿಸಿ, ನನ್ನ ಕೋವಿಯಲ್ಲಿ ಆ ಗುಂಡು ಅಷ್ಟು ವೇಗಕ್ಕೆ ಇಳಿಯುವುದು ಎಷ್ಟನೆಯ ಗಜದಲ್ಲಿ ಎಂದು ಗುರುತು ಹಾಕಿಕೊಳ್ಳುತ್ತೇನೆ. ಆ ಗುಂಡಿಗೆ ಅದೇ ನನ್ನ ಗಡಿ. ಎರಡು ತೂಕಗಳ ನಡುವೆ ಆಯ್ಕೆ ಮಾಡುವಾಗ ಈ ಗಡಿಯೇ ನನಗೆ ಉತ್ತರ ಕೊಟ್ಟಿದೆ.

ಒಂದೇ ತೂಕದ ಎರಡು ಗುಂಡುಗಳಲ್ಲಿ ಒಂದಕ್ಕೆ ದುಪ್ಪಟ್ಟು ಬೆಲೆ. ಒಳಗೆ ಅಂಥದ್ದೇನಿದೆ?

ಮಾಮೂಲಿ ಗುಂಡೆಂದರೆ ತಾಮ್ರದ ತೆಳು ಕವಚದೊಳಗೆ ಸೀಸದ ತಿರುಳು. ಹತ್ತಿರದಲ್ಲಿ, ವೇಗ ಹೆಚ್ಚಿರುವಾಗ, ಭುಜದ ಮೂಳೆಗೆ ಬಡಿದರೆ ಕವಚ ಬಿಚ್ಚಿ ಸೀಸ ಚೂರಾಗಿ, ಗುಂಡು ಆಳಕ್ಕೆ ಹೋಗುವ ಮೊದಲೇ ಮುಗಿದುಬಿಡಬಹುದು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರರು ಮೂಸ್ ಒಂದಕ್ಕೆ ಹೊಡೆದ ಗುಂಡುಗಳು ಹೀಗೆಯೇ ಆಳಕ್ಕೆ ಇಳಿಯದೆ ಹೋದವು. ಅವರು ಕೈಕಟ್ಟಿ ಕೂರಲಿಲ್ಲ. ಗುಂಡಿನ ಮಧ್ಯೆ ತಾಮ್ರದ ಅಡ್ಡಗೋಡೆ ಕಟ್ಟಿ, ಮುಂದಿನ ಅರ್ಧ ಅರಳುವಂತೆ, ಹಿಂದಿನ ಅರ್ಧ ಇಡಿಯಾಗಿ ಉಳಿದು ಮುಂದಕ್ಕೆ ನೂಕುವಂತೆ ಮಾಡಿದರು. 1948ರಲ್ಲಿ ಮಾರಾಟಕ್ಕೆ ಬಂದ ಆ ಪಾರ್ಟಿಷನ್ ಗುಂಡು ಇಂದಿಗೂ ಸಿಗುತ್ತದೆ. ಆಮೇಲೆ ತಿರುಳನ್ನೂ ಕವಚವನ್ನೂ ಒಂದಕ್ಕೊಂದು ಬೆಸೆದ ಗುಂಡುಗಳು ಬಂದವು. ಬೆಲೆ ಹೆಚ್ಚಾಗುವುದು ಇಂಥ ಕೆಲಸದಿಂದ.

ತೂಕದ ಆಯ್ಕೆಯನ್ನು ಇದರಿಂದ ಬೇರ್ಪಡಿಸಲಾಗದು. ಚೂರಾಗುವ ಸ್ವಭಾವದ ಗುಂಡನ್ನು ಆರಿಸಿಕೊಂಡರೆ ಆ ವ್ಯಾಸದಲ್ಲಿ ಸಿಗುವ ಭಾರದ ಕಡೆಗೆ ವಾಲಬೇಕು, ಏಕೆಂದರೆ ಅರ್ಧ ಉದುರಿಹೋದರೂ 200 ಗ್ರೇನಿನಲ್ಲಿ 100 ಉಳಿಯುತ್ತದೆ. ಇಡಿಯಾಗಿ ಉಳಿಯುವ ಗುಂಡಾದರೆ ಒಂದು ಮೆಟ್ಟಿಲು ಹಗುರಕ್ಕೆ ಇಳಿಯಬಹುದು. ದೂರದ ಬೇಟೆಗೆ ಹೊರಟವರಿಗೆ ಮೊದಲ ಬೆಳಗ್ಗೆಯೇ 60 ಗಜದಲ್ಲಿ ಎಲ್ಕ್ ಎದುರಾಗುವುದು ತೀರ ಸಾಮಾನ್ಯ. ಗುಂಡು ಆ 60 ಗಜಕ್ಕೂ ತಾಳಬೇಕು, 450 ಗಜಕ್ಕೂ ಅರಳಬೇಕು.

ಸೀಸವಿಲ್ಲದ ತಾಮ್ರದ ಗುಂಡಿಗೂ ಅಷ್ಟೇ ತೂಕ ಬೇಕೇ?

ಬೇಡ. ತಾಮ್ರದ ಸಾಂದ್ರತೆ ಸುಮಾರು 9, ಸೀಸದ್ದು 11.3, ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಉದ್ದವಾಗಿ, ತೋಟಾದೊಳಗೆ ಮದ್ದಿನ ಜಾಗ ತಿನ್ನುತ್ತದೆ, ಸ್ಥಿರವಾಗಿ ಹಾರಲು ಹೆಚ್ಚು ವೇಗದ ತಿರುಗಾಟವನ್ನೂ ಕೇಳುತ್ತದೆ. ಪ್ರತಿಯಾಗಿ, ಒಳಹೊಕ್ಕ ಮೇಲೂ ಅದು ತನ್ನ ತೂಕವನ್ನು ಬಹುಪಾಲು ಉಳಿಸಿಕೊಳ್ಳುತ್ತದೆ. ಸೀಸದಲ್ಲಿ 180 ಬಳಸುವ ಕಡೆ ತಾಮ್ರದಲ್ಲಿ 165 ಅಥವಾ 168 ಸಾಕು. ಆದರೆ ತಾಮ್ರ ಗಟ್ಟಿ ಲೋಹ, ಅರಳಲು ಸಾಮಾನ್ಯವಾಗಿ 1,800ರಿಂದ 2,000 ಅಡಿ ವೇಗ ಬೇಕು, ಹಾಗಾಗಿ ದೂರದ ಗಡಿ ಹತ್ತಿರಕ್ಕೆ ಬರುತ್ತದೆ. ದೂರವನ್ನು ಬಿಟ್ಟುಕೊಟ್ಟು ತಾಮ್ರವನ್ನು ಆರಿಸಿಕೊಳ್ಳುವವರ ಬಗ್ಗೆ ನನಗೆ ಗೌರವವಿದೆ: ಬೇಟೆಗಾರ ಬಿಟ್ಟುಹೋದ ಕರುಳು, ಮಾಂಸದಲ್ಲಿನ ಸೀಸದ ಚೂರು ತಿಂದು ಕಾಂಡರ್ ರಣಹದ್ದುಗಳು ಸತ್ತದ್ದು ದಾಖಲಾದ ಸಂಗತಿ, ಮತ್ತು ಅದೇ ಮಾಂಸ ನಮ್ಮ ಮಕ್ಕಳ ತಟ್ಟೆಗೂ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸರಹಿತ ಗುಂಡೇ ಕಡ್ಡಾಯ.

## ಇನ್ನೂ ಒಳಗಿನ ಪ್ರಶ್ನೆಗಳು

ಭಾರದ ಗುಂಡು ತಂದೆ, 100 ಗಜದಲ್ಲೇ ಚೆದುರುತ್ತಿದೆ. ಕೋವಿ ಕೆಟ್ಟಿದೆಯೇ?

ಕೋವಿ ಸರಿಯಾಗಿಯೇ ಇರಬಹುದು, ನಳಿಗೆಯೊಳಗಿನ ಸುರುಳಿ ಗೀರು ಆ ಗುಂಡಿಗೆ ಸಾಲದೆ ಬಂದಿರಬಹುದು. ಬುಗುರಿ ಹೇಗೆ ವೇಗವಾಗಿ ತಿರುಗಿದಾಗ ಮಾತ್ರ ನೆಟ್ಟಗೆ ನಿಲ್ಲುತ್ತದೆಯೋ ಹಾಗೆ ಉದ್ದನೆಯ ಗುಂಡಿಗೂ ಹೆಚ್ಚು ಸುತ್ತು ಬೇಕು. .270 ವಿಂಚೆಸ್ಟರ್‌ನ ಸಾಮಾನ್ಯ ನಳಿಗೆಯಲ್ಲಿ 10 ಇಂಚಿಗೆ ಒಂದು ಸುತ್ತು. ಅದು 150 ಗ್ರೇನಿನವರೆಗೆ ಚೆನ್ನಾಗಿ ನಡೆಯುತ್ತದೆ, ಅದಕ್ಕಿಂತ ಉದ್ದದ ಹೊಸ ಗುಂಡುಗಳಿಗೆ ಸಾಲದು. 7 ಮಿಲಿಮೀಟರ್ ರೆಮಿಂಗ್ಟನ್ ಮ್ಯಾಗ್ನಂನ ಹಳೆಯ ನಳಿಗೆಗಳಲ್ಲಿ 9 ಅಥವಾ 9.5 ಇಂಚಿಗೊಂದು ಸುತ್ತು, 2022ರಲ್ಲಿ ಬಂದ 7 ಮಿಲಿಮೀಟರ್ ಪಿಆರ್‌ಸಿಯಲ್ಲಿ 8 ಇಂಚಿಗೊಂದು. ವ್ಯಾಸ ಒಂದೇ ಆದರೂ ಭಾರದ ಗುಂಡನ್ನು ಎರಡನೆಯದು ಸಲೀಸಾಗಿ ಹಾರಿಸುತ್ತದೆ. ಕಾಗದದ ಮೇಲೆ ದುಂಡಗಿನ ತೂತಿನ ಬದಲು ಉದ್ದುದ್ದ ಸೀಳು ಕಂಡರೆ ಗುಂಡು ಅಡ್ಡತಿರುಗಿ ಹೋಗುತ್ತಿದೆ ಎಂದೇ ತಿಳಿದು, ಆ ಪೆಟ್ಟಿಗೆಯನ್ನು ಬೇಟೆಗೆ ಒಯ್ಯಬೇಡಿ.

ಹ್ಯೂಸ್ಟನ್‌ನಲ್ಲಿ ಗುರಿ ಕೂಡಿಸಿಕೊಂಡು ಕೊಲರಾಡೊಗೆ ಹೋಗುತ್ತೇನೆ. ಎತ್ತರದಿಂದ ಏನಾದರೂ ವ್ಯತ್ಯಾಸವಾಗುತ್ತದೆಯೇ?

ಗಣನೀಯವಾಗಿ ಆಗುತ್ತದೆ. 10,000 ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ. ಮೇಲೆ ಹೇಳಿದ 200 ಗ್ರೇನಿನ ಗುಂಡು 500 ಗಜದಲ್ಲಿ 2,110 ಅಡಿಯ ಬದಲು 2,300ರ ಹತ್ತಿರ ವೇಗ ಉಳಿಸಿಕೊಳ್ಳುತ್ತದೆ, ಕಡಿಮೆ ಇಳಿಯುತ್ತದೆ, ಗಾಳಿಗೆ ಕಡಿಮೆ ಸರಿಯುತ್ತದೆ. ಅಂದರೆ ಯಾವ ದೂರಕ್ಕೆ ಗುಂಡು ಎಷ್ಟು ಇಳಿಯುತ್ತದೆ ಎಂದು ಸಮುದ್ರಮಟ್ಟಕ್ಕೆ ಹತ್ತಿರದ ಹ್ಯೂಸ್ಟನ್‌ನಲ್ಲಿ ಮಾಡಿಕೊಂಡ ಪಟ್ಟಿಯನ್ನೇ ನಂಬಿ ಹೊಡೆದರೆ ಗುಂಡು ಮೇಲಕ್ಕೆ ಬೀಳುತ್ತದೆ. ಬೇಟೆಯ ಎತ್ತರ ಮತ್ತು ಚಳಿಯ ಅಂಕೆ ಹಾಕಿ ಹೊಸ ಪಟ್ಟಿ ತಯಾರಿಸಿಕೊಳ್ಳಿ; ಬಿಡಾರ ಹೂಡಿದ ದಿನವೇ ಅಲ್ಲಿ ಎರಡು ಮೂರು ಗುಂಡು ಹಾರಿಸಿ ಪರೀಕ್ಷಿಸಿ.

ನನ್ನದು 6.5 ಕ್ರೀಡ್‌ಮೋರ್. ಎಲ್ಕ್‌ಗೆ ಅದು ಸಾಲದು ಎಂದು ಹೆದರಿಸುತ್ತಿದ್ದಾರೆ.

ಮಿತಿಯೊಳಗೆ ಸಾಕು. 143 ಗ್ರೇನಿನ ಗುಂಡು 2,700 ಅಡಿ ವೇಗದಲ್ಲಿ ಹೊರಟರೆ 400 ಗಜದಲ್ಲಿ ಸುಮಾರು 2,130 ಅಡಿ ವೇಗ, 1,440 ಅಡಿ-ಪೌಂಡ್ ಶಕ್ತಿ ಉಳಿಯುತ್ತದೆ. ಬೆಸೆದ ಅಥವಾ ತಾಮ್ರದ ಗುಂಡು ಬಳಸಿ, ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಾಗ ಮಾತ್ರ, 350 ಗಜದೊಳಗೆ ಹೊಡೆಯುವೆನೆಂದು ಮೊದಲೇ ನಿಶ್ಚಯಿಸಿಕೊಳ್ಳಿ. ಓರೆಯಾಗಿ ನಿಂತ ಗಂಡು ಎಲ್ಕ್‌ನ ಭುಜದ ಮೂಲಕ ಹಾಯಿಸುವ ಅವಕಾಶವನ್ನು .300 ಹಿಡಿದವರಿಗೆ ಬಿಡಿ.

ಇದರಲ್ಲಿ ಒಂದು ಲಾಭವೂ ಇದೆ. 8 ಪೌಂಡಿನ ಕೋವಿಯಲ್ಲಿ 200 ಗ್ರೇನಿನ .300 ಮ್ಯಾಗ್ನಂ ಭುಜಕ್ಕೆ ಒದೆಯುವ ಬಲ ಕ್ರೀಡ್‌ಮೋರ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಒದೆತಕ್ಕೆ ಹೆದರಿ ಕಣ್ಣು ಮುಚ್ಚುವವನ ಕೈಯಲ್ಲಿ ಭಾರದ ಗುಂಡು ಎಲ್ಕ್‌ಗೆ ಅಪಾಯವೇ ಹೊರತು ಉಪಕಾರವಲ್ಲ. ಮಲಗಿ, ಕೂತು, ಕೋಲಿಗೆ ಒರಗಿ, ಎಲ್ಲ ಭಂಗಿಯಲ್ಲೂ ಒಂದು ದಿನಕ್ಕೆ 20 ಗುಂಡು ಹೊಡೆದ ಮೇಲೂ ಇಪ್ಪತ್ತನೆಯದು ಮೊದಲನೆಯದರಷ್ಟೇ ಶಾಂತವಾಗಿ ಹೋಗುವುದಾದರೆ ಆ ತೂಕ ನಿಮಗೆ ಒಗ್ಗಿದೆ ಎಂದರ್ಥ.

ಭಾರದ ಗುಂಡು ಗಾಳಿಗೆ ಸರಿಯುವುದಿಲ್ಲ ಎನ್ನುತ್ತಾರಲ್ಲ, 600, 700 ಗಜಕ್ಕೂ ಹೊಡೆಯಬಹುದೇ?

ಸರಿಯುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿಯಲ್ಲಿ, 500 ಗಜಕ್ಕೆ, 180 ಗ್ರೇನಿನ ಗುಂಡು ಸುಮಾರು 18 ಇಂಚು ಸರಿದರೆ 200 ಗ್ರೇನಿನದು ಸುಮಾರು 15 ಇಂಚು. ಹೆಚ್ಚು ಹಣ ಕೊಟ್ಟು, ಹೆಚ್ಚು ಒದೆತ ತಿಂದು ನಾವು ಗಳಿಸಿದ್ದು 3 ಇಂಚು. ಕಣಿವೆಯ ಗಾಳಿಯನ್ನು ನೀವು 3 ಮೈಲಿಯಷ್ಟು ತಪ್ಪಾಗಿ ಅಂದಾಜಿಸಿದರೆ 4ರಿಂದ 5 ಇಂಚು ಹೋಗುತ್ತದೆ, ಮತ್ತು ಈಚೆ ದಡದಲ್ಲಿ ಒಂದು ದಿಕ್ಕಿಗೆ ಬೀಸುವ ಗಾಳಿ ನಡುಗಣಿವೆಯಲ್ಲಿ ಇನ್ನೊಂದು ದಿಕ್ಕಿಗೆ ಬೀಸುವುದು ಬೆಟ್ಟಸೀಮೆಯಲ್ಲಿ ದಿನನಿತ್ಯದ ಸಂಗತಿ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶದ ಭಾಗ ಸುಮಾರು ಒಂದು ಅಡಿ ಅಗಲ. ಅದರ ನಡುವಿನಿಂದ 6 ಇಂಚು ತಪ್ಪಿದರೆ ಗುಂಡು ಕರುಳಿಗೆ.

ಇನ್ನೊಂದು ಸಂಗತಿಯನ್ನು ಯಾವ ತೂಕವೂ ಸರಿಪಡಿಸಲಾರದು. 500 ಗಜ ಮುಟ್ಟಲು ಗುಂಡಿಗೆ 0.6 ಸೆಕೆಂಡು ಬೇಕು, ಮೇಯುತ್ತಿರುವ ಎಲ್ಕ್ ಒಂದು ಹೆಜ್ಜೆ ಮುಂದಿಡಲು ಅಷ್ಟೇ ಸಾಕು. ಗಾಳಿ ಬೀಸುವ ದಿನಗಳಲ್ಲಿ, ಬೇಟೆಯಲ್ಲಿ ಸಿಗುವಂಥ ಭಂಗಿಯಲ್ಲಿ, ಹತ್ತಕ್ಕೆ ಹತ್ತೂ ಗುಂಡುಗಳನ್ನು 10 ಇಂಚಿನ ತಟ್ಟೆಯೊಳಗೆ ನೀವು ಎಷ್ಟು ದೂರದಿಂದ ಇಳಿಸಬಲ್ಲಿರೋ ಅಷ್ಟೇ ನಿಮ್ಮ ದೂರ. ನನ್ನದು 450 ಗಜ. ಅದಕ್ಕಿಂತ ಆಚೆ ಕಂಡದ್ದರ ಹತ್ತಿರಕ್ಕೆ ನಡೆದು ಹೋಗುತ್ತೇನೆ. ಹೋಗಲಾಗದಿದ್ದರೆ ನೋಡಿ ಸಂತೋಷಪಡುತ್ತೇನೆ.

ಪೆಟ್ಟಿಗೆಯ ಮೇಲೆ ಬರೆದ ವೇಗವನ್ನು ನಂಬಬಹುದೇ?

ಅದನ್ನು ಅಳೆದಿರುವುದು ಹೆಚ್ಚಾಗಿ 24 ಅಥವಾ 26 ಇಂಚಿನ ನಳಿಗೆಯಲ್ಲಿ. ನಿಮ್ಮ ನಳಿಗೆ 20 ಅಥವಾ 22 ಇಂಚಿನದಾದರೆ 50ರಿಂದ 150 ಅಡಿ ವೇಗ ಕಡಿಮೆಯಾಗಬಹುದು, ಅರಳುವ ಗಡಿಯೂ ಅದಕ್ಕೆ ತಕ್ಕಂತೆ ಹಿಂದೆ ಸರಿಯುತ್ತದೆ. ಕ್ರೋನೋಗ್ರಾಫ್ ಎಂಬ ವೇಗಮಾಪಕವನ್ನು ಗೆಳೆಯರಿಂದ ಎರವಲು ಪಡೆದಾದರೂ ಹತ್ತು ಗುಂಡು ಅಳೆದು ಸರಾಸರಿ ಬರೆದುಕೊಳ್ಳಿ.

ಗುಂಡು ತಗಲಿದ ಸದ್ದು ಕೇಳಿತು, ಎಲ್ಕ್ ಮಾತ್ರ ನಿಂತೇ ಇತ್ತು. ಇನ್ನೂ ಭಾರದ್ದು ಬೇಕಿತ್ತೇ?

ಅವಸರದಲ್ಲಿ ಹಾಗೆ ತೀರ್ಮಾನಿಸಬೇಡಿ. ಎರಡೂ ಶ್ವಾಸಕೋಶ ಹರಿದ ಎಲ್ಕ್ ಸಹ ಏನೂ ಆಗದಂತೆ ಕೆಲವು ಕ್ಷಣ ನಿಲ್ಲಬಹುದು, ನಡೆಯಲೂಬಹುದು. ಅದು ನಿಂತಿರುವಾಗಲೇ ಎರಡನೆಯ ಗುಂಡು ಹೊಡೆಯಿರಿ. ಮಾಂಸ ಹಾಳಾಗುವ ಚಿಂತೆ ಆಗ ಬೇಡ. ಬಿದ್ದ ಮೇಲೆ, ಅಥವಾ ಮರೆಯಾದ ಮೇಲೆ, ನೀವು ಗುಂಡು ಹೊಡೆದ ಜಾಗದಲ್ಲೇ ಜೊತೆಗಾರನನ್ನು ನಿಲ್ಲಿಸಿ, ಅವನ ಕೈಸನ್ನೆಯ ಮೇಲೆ ನೀವು ಕಣಿವೆ ದಾಟಿ ಪ್ರಾಣಿ ನಿಂತಿದ್ದ ಸರಿಯಾದ ಜಾಗಕ್ಕೆ ಹೋಗಿ. ನೊರೆ ಬೆರೆತ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಕಪ್ಪುಗೆಂಪು ಯಕೃತ್ತಿನದು; ಹಸಿರು ಕಂಡರೆ ಕರುಳು, ಆಗ ಗಂಟೆಗಟ್ಟಲೆ ಕಾಯದೆ ಹಿಂಬಾಲಿಸಬಾರದು, ಎಬ್ಬಿಸಿದರೆ ಅದು ಬೆಟ್ಟವನ್ನೇ ದಾಟಿಬಿಡುತ್ತದೆ. ರಕ್ತ ಕಾಣದಿದ್ದರೂ ಕೂದಲು, ಗೊರಸಿನ ಗುರುತು ಹಿಡಿದು ಹುಡುಕಲೇಬೇಕು.

ಸುಲಿಯುವಾಗ ಆಚೆ ಬದಿಯ ಚರ್ಮದಡಿಯಲ್ಲಿ ಎಷ್ಟೋ ಸಲ ಗುಂಡು ಸಿಕ್ಕಿಕೊಂಡಿರುತ್ತದೆ. ಅದನ್ನು ತೊಳೆದು, ತೂಗಿ, ಅರಳಿದ ಅಗಲವನ್ನೂ ಹೊಡೆದ ದೂರವನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಮುಂದಿನ ವರ್ಷ ಯಾವ ತೂಕ ಕೊಳ್ಳಬೇಕೆಂದು ನನ್ನನ್ನು ಕೇಳುವಾಗ ಆ ಚೀಟಿಯನ್ನೂ ತನ್ನಿ.